ಯಾರೂ ಹಾಕದ ಮದ್ದು

ದೋಸೆ ಅಂದಮೇಲೆ ಸ್ವಲ್ಪವಾದರೂ ಅಂಟಬೇಕು. ಅಂಟದೆ ಹೀಗೆ ಜಾರಿ ಬರುವ ದೋಸೆಯನ್ನು ನಂಬುವುದು ಹೇಗೆ?

ಅವಿನಾಶಿಯಪ್ಪನ್ ತಟ್ಟೆಯನ್ನು ಮೂಗಿನ ಹತ್ತಿರ ಒಯ್ದ. ಕೆಟ್ಟ ವಾಸನೆ ಏನೂ ಇರಲಿಲ್ಲ. ಅದೇ ಅವನಿಗೆ ಅನುಮಾನ.

"ಕಬ್ಬಿಣದ ಹೆಂಚಿಂದೇ ಮಾಮಾ," ಎಂದಳು ಹೆಂಡತಿ ಪೂಂಗೊಡಿ, ಒಲೆಯ ಕಡೆಯಿಂದ ತಿರುಗದೆ. "ನಿನ್ನೆ ಅಮ್ಮ ಬರ್ತಾ ತಂದದ್ದು. ಹಳೇದನ್ನ ನೀವೇ ಹೂತು ಬಂದ್ರಲ್ಲ."

ಹೂತದ್ದು ನಿಜ. ಅಂಟದ ಲೇಪದ ಆ ಹೆಂಚನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತಿದ್ದ. ಮೂರನೆಯ ದಿನ ಅನುಮಾನ ಬಂದು ಕರಿಬೇವಿನ ಗಿಡವನ್ನೂ ಕಿತ್ತಿದ್ದ. ಕಿತ್ತ ಗಿಡವನ್ನು ಎಲ್ಲಿ ಎಸೆಯುವುದೆಂದು ತಿಳಿಯದ್ದರಿಂದ ಅದು ಈಗಲೂ ಬಚ್ಚಲ ಬಾಗಿಲಿಗೆ ಒರಗಿ ನಿಂತಿತ್ತು.

"ಕಬ್ಬಿಣದ್ದಾದ್ರೆ ಅಂಟಲಿಲ್ಲ ಯಾಕೆ?"

"ನನಗೆ ದೋಸೆ ಹುಯ್ಯೋಕೆ ಬರುತ್ತೆ, ಅದಕ್ಕೆ."

ಅವನು ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ತಳ್ಳಿ, ಬಾಳೆಹಣ್ಣು ಸುಲಿದ. ಹೆಂಡತಿಯ ಕೈಯಡುಗೆ ಬಿಟ್ಟು ಇಂದಿಗೆ ಒಂಬತ್ತು ದಿನ.

ತಪ್ಪೆಲ್ಲ ಆ ಪಟ್ಟಿಯದು. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಅವನಿಗೆ ಬಣ್ಣ ಹೊಂದಿಸುವ ಕೆಲಸ. ಹೊರದೇಶದವರು ಬೆರಳಗಲದ ಬಟ್ಟೆಯ ಚೂರು ಕಳಿಸುತ್ತಾರೆ. ಅದೇ ಕೆಂಪು, ಅದೇ ನೀಲಿ ಬರುವ ತನಕ ಪುಡಿ ತೂಗಿ, ಕಲಸಿ, ಅದ್ದಿ ನೋಡಬೇಕು. ಸಂಜೆ ಕಾಲೇಜಿನ ಬೆಂಚಿನಲ್ಲಿ ತೂಕಡಿಸುತ್ತಲೇ ಪಡೆದ ರಸಾಯನಶಾಸ್ತ್ರದ ಪದವಿ ಅವನದು. ಕಳೆದ ತಿಂಗಳು ಚೂರಿನ ಜೊತೆ ನಲವತ್ತು ಪುಟದ ಪಟ್ಟಿಯೊಂದು ಬಂತು: ತಮ್ಮ ಮಕ್ಕಳ ಅಂಗಿಯಲ್ಲಿ ಯಾವ ಯಾವ ರಾಸಾಯನಿಕ ಇರಕೂಡದು ಎಂದು. ಮ್ಯಾನೇಜರ್ ಅದನ್ನು ಅವನ ಮೇಜಿನ ಮೇಲೆ ಎಸೆದು, "ನೀನು ಓದಿದೋನಲ್ಲಪ್ಪಾ, ಓದು" ಎಂದ. ಅವನು ಹೇಳಿದ್ದು ತಮಾಷೆಗೆ. ಇವನು ಓದಿದ.

ಓದುತ್ತ ಹೋದಂತೆ ಅದು ಅಂಗಿಯ ಪಟ್ಟಿಯಲ್ಲ, ತನ್ನ ಮನೆಯ ಪಟ್ಟಿ ಎನಿಸಿತು. ಸುಕ್ಕಾಗದ ಪರದೆ. ಬೀರುವಿನೊಳಗಿನ ನುಸಿಗುಳಿಗೆ. ಮೆತ್ತಗಿನ ಪ್ಲಾಸ್ಟಿಕ್ಕು. ಹೆಂಚು, ಬಾಣಲಿಯ ಮೇಲಿನ ಅಂಟದ ಲೇಪ. ಈ ಕೊನೆಯದು ಮಣ್ಣಿಗೆ ಬಿದ್ದರೂ ಕೊಳೆಯುವುದಿಲ್ಲವಂತೆ, ರಕ್ತ ಸೇರಿದರೆ ಬೇಗ ಹೊರಡುವುದಿಲ್ಲವಂತೆ. ಅದಕ್ಕೆ ನಾಶವೆಂಬುದೇ ಇಲ್ಲ. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ಅವಿನಾಶಿ’ ಎಂದು ಬರೆದು, ಬರೆದದ್ದು ತನ್ನ ಹೆಸರೆಂದು ಹೊಳೆದು ಹೆದರಿ ಅಳಿಸಿದ. ಸಾಲು ಸಾಲಿಗೂ ಒಂದೇ ಎಚ್ಚರಿಕೆ: ಕ್ಯಾನ್ಸರ್ ಬರಬಹುದು. ಬರುತ್ತದೆ ಎಂದಿದ್ದರೆ ಅತ್ತು ಹಗುರಾಗುತ್ತಿದ್ದ. ಬರುವುದಿಲ್ಲ ಎಂದಿದ್ದರೆ ಉಂಡು ಮಲಗುತ್ತಿದ್ದ. ಇದು ಎರಡೂ ಅಲ್ಲ.

ಆ ಕಳವಳದಲ್ಲೇ ಧಾರಾಪುರದ ಅತ್ತೆಗೆ ಫೋನು ಮಾಡಿದ. "ಅತ್ತೆ, ನಿಮ್ಮ ಮಗಳಿಗೆ ಸ್ವಲ್ಪ ಹೇಳಿ. ದಿನಾ ನನಗೆ ಕೈಯಾರೆ ಮದ್ದು ತಿನ್ನಿಸ್ತಿದಾಳೆ."

ಕಾರ್ಖಾನೆಯಲ್ಲಿ ಎಲ್ಲ ರಾಸಾಯನಿಕಕ್ಕೂ ಮದ್ದು ಎನ್ನುವುದೇ ರೂಢಿ. ಅವನು ಹೇಳಿದ್ದು ಅದನ್ನು. ಆದರೆ ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಅನ್ನದಲ್ಲಿ ಕಲಸಿ ಇಡುವುದಕ್ಕೂ ಆ ಸೀಮೆಯಲ್ಲಿ ಮದ್ದೆಂದೇ ಹೆಸರು. ಅತ್ತೆ ನಾಚಮ್ಮಾಳ್ ಫೋನಿನ ಸದ್ದನ್ನು ಪೂರ್ತಿ ಏರಿಸಿ, ತೋಳುದ್ದ ದೂರ ಹಿಡಿದು ಮಾತಾಡುವವಳು. ಆಗವಳು ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತಿದ್ದಳು. ಆ ಸಾಲಿನಲ್ಲಿ ತಿರುಪ್ಪೂರಿನ ಇದೇ ಬೀದಿಯವಳೊಬ್ಬಳ ನಾದಿನಿಯೂ ಇದ್ದಳು.

ಅಷ್ಟು ಸಾಕಾಯಿತು. ಬರಿ ಬಾಳೆಹಣ್ಣಿನಲ್ಲಿ ಅವನು ಸೊರಗಿದ್ದನ್ನು ಕಂಡವರೆಲ್ಲ, ಮದ್ದು ಕೆಲಸ ಮಾಡುತ್ತಿದೆ ಎಂದರು. ಎದುರು ಮನೆಯ ಬಸುರಿಗೆ ಬಳೆ ತೊಡಿಸುವ ದಿನ ಪೂಂಗೊಡಿ ಎಂದಿನಂತೆ ನಿಂಬೆಹಣ್ಣಿನ ಚಿತ್ರಾನ್ನ ಮಾಡಿ ಕಳಿಸಿದಳು. ಬೀದಿಯ ಯಾವ ಬಳೆ ಶಾಸ್ತ್ರಕ್ಕೂ ಚಿತ್ರಾನ್ನ ಅವಳದೇ. ಈ ಸಲ ಪಾತ್ರೆ ತುಂಬಿದ್ದು ತುಂಬಿದ ಹಾಗೇ ಹಿಂದಕ್ಕೆ ಬಂತು. ಮೇಲೆ ಹಾಕಿದ್ದ ಗೋಡಂಬಿ ಕೂಡ ಅಲುಗಿರಲಿಲ್ಲ.

ಪೂಂಗೊಡಿ ಅಳಲಿಲ್ಲ. ಅಷ್ಟನ್ನೂ ಒಬ್ಬಳೇ ಕೂತು ಎರಡು ದಿನ ತಿಂದಳು. ಆಮೇಲೆ ಹೇಳಿದಳು: "ಭಾನುವಾರ ಮದ್ದು ತೆಗೆಯೋ ಆ ಅಜ್ಜಿ ಕರುಪ್ಪಾತ್ತಾ ಹತ್ರ ಹೋಗೋಣ. ನನ್ನ ಮೇಲಿನ ಮಾತು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಾನು ಈ ಬೀದೀಲಿ ಇರಲ್ಲ, ಈ ಮನೇಲೂ ಇರಲ್ಲ."

"ಅದೆಲ್ಲ ಮೂಢನಂಬಿಕೆ."

"ನಿಮ್ದು?"

ಈ ಹೊತ್ತು ಭಾನುವಾರ.

ಕಾಂಗೇಯಂ ದಾಟಿದ ಮೇಲೆ ಬಸ್ಸಿಳಿದು ನಡೆಯಬೇಕು. ದಾರಿಯುದ್ದಕ್ಕೂ ನಾಚಮ್ಮಾಳ್ ಅವನ ಬಾಯಿಯನ್ನೇ ನೋಡುತ್ತ ಬಂದಳು, ಒಳಗಿರುವುದು ತಾನಾಗಿ ಹೊರಗೆ ಬಿದ್ದೀತು ಎಂಬಂತೆ.

"ಅಳಿಯಂದ್ರೇ, ಬಂದ್ರೆ ಬರ್ಲಿ, ಮುಚ್ಚಿಡೋದು ಬೇಡ. ನನ್ನ ಮಗಳೇ ಹಾಕಿದ್ರೂ ನಾನು ಬಯ್ಯಲ್ಲ. ಒಂದು ಮಾತು ಮಾತ್ರ ಕೇಳ್ತೀನಿ: ಇಷ್ಟು ವರ್ಷ ಬಿಟ್ಟು ಈಗ್ಯಾಕೆ ಹಾಕಿದೆ, ಅದೂ ಈ ಮನುಷ್ಯಂಗೆ ಅಂತ."

"ಅಮ್ಮಾ," ಎಂದಳು ಪೂಂಗೊಡಿ.

"ಅಲ್ಲ ಕಣೇ, ವಶ ಮಾಡ್ಕೊಳ್ಳೋಕೆ ಒಂದು ಮುಖ ಬೇಡ್ವಾ?"

ಕರುಪ್ಪಾತ್ತಾಳ ಮನೆಯ ಮುಂದೆ ಆಗಲೇ ಇಪ್ಪತ್ತು ಜನ. ಅವಳು ಸೊಪ್ಪಿನ ರಸ ಕುಡಿಸಿ, ಹೊಕ್ಕುಳಿಗೆ ಹಿತ್ತಾಳೆ ಕೊಳವೆ ಇಟ್ಟು ಹೀರುತ್ತಾಳೆ; ಹೊಟ್ಟೆಯಲ್ಲಿನ ಮದ್ದು ಉಂಡೆಯಾಗಿ ಅವಳ ಬಾಯಿಗೆ ಬರುತ್ತದೆ. ಅದನ್ನು ಬೋಗುಣಿಗೆ ಉಗಿದು, ಬೆಳಕಿಗೆ ಹಿಡಿದು, ಹಾಕಿದ ಕೈ ಯಾರದೆಂದು ಹೇಳುತ್ತಾಳೆ. ಇಷ್ಟು ವರ್ಷದಲ್ಲಿ ಯಾರೂ ಹೊಟ್ಟೆಯಿಂದ ಏನೂ ಬಾರದೆ ಹಿಂದಿರುಗಿಲ್ಲ ಎಂದು ಜಗಲಿಯಲ್ಲಿದ್ದ ಮುದುಕನೊಬ್ಬ ಹೆಮ್ಮೆಯಿಂದ ಹೇಳಿದ.

ಅವಿನಾಶಿಗೆ ಆಗ ತಾನೆ ಅರ್ಥವಾಯಿತು. ಏನಾದರೂ ಬಂದೇ ಬರುತ್ತದೆ. ಬಂದದ್ದಕ್ಕೆ ಒಂದು ಕೈ ಬೇಕೇ ಬೇಕು. ಅವನ ಹೊಟ್ಟೆಗೆ ಅನ್ನ ಇಟ್ಟ ಕೈ ಒಂದೇ.

ಮುದುಕಿ ಎಲೆಯಡಿಕೆ ಹಾಕಿಕೊಳ್ಳಲು ಮನೆಯ ಹಿಂದಕ್ಕೆ ಹೋದದ್ದನ್ನು ಕಂಡು ಅವನು ಹಿಂದೆಯೇ ಹೋದ.

"ಆತ್ತಾ, ಒಂದು ಮಾತು. ನನ್ನ ಹೊಟ್ಟೇಲಿ ಏನೂ ಇಲ್ಲ ಅಂತ ಹೇಳ್ಬಿಡಿ."

"ಯಾಕಪ್ಪಾ ಕಣ್ಣೂ? ಮದ್ದು ಇದೆ ಅಂತ ಊರಿಗೆಲ್ಲ ಸಾರಿದೋನು ನೀನೇ ಅಂತೆ."

"ನಾನು ಹೇಳಿದ್ದು ಆ ಮದ್ದಲ್ಲ. ರಾಸಾಯನಿಕ."

"ಯಾರು ಹಾಕಿದ್ದು?"

"ಯಾರೂ ಹಾಕಿಲ್ಲ. ಅಂದ್ರೆ, ಎಲ್ಲಾರೂ ಹಾಕಿದಾರೆ. ಬಾಣಲಿ, ಬಾಟಲಿ, ಪರದೆ..."

"ಪರದೆ ತಿಂದ್ಯಾ?"

"ಗಾಳೀಲಿ ಬರುತ್ತೆ ಆತ್ತಾ. ಒಳಗೆ ಸೇರ್ಕೊಳ್ಳುತ್ತೆ. ಕ್ಯಾನ್ಸರ್ ಬರಬಹುದು."

ಮುದುಕಿ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಬರುತ್ತೋ, ಬರಬಹುದೋ?"

"ಬರಬಹುದು."

"ಯಾವಾಗ?"

"ಹೇಳೋಕಾಗಲ್ಲ. ಇಪ್ಪತ್ತು ವರ್ಷ ಆಗಬಹುದು, ಮೂವತ್ತೂ ಆಗಬಹುದು. ಬರದೇನೂ ಇರಬಹುದು."

"ಅಷ್ಟು ನಿಧಾನದ ಮದ್ದು ಹಾಕೋನಿಗೆ ಬೇರೆ ಕೆಲಸ ಇಲ್ವಾ ಸಾಮಿ? ನನ್ನ ಹತ್ರ ಬರೋದೆಲ್ಲ ಮೂರು ಅಮಾವಾಸ್ಯೆಗೆ ಮುಗೀಬೇಕು." ಅವಳು ಎಲೆ ಮಡಿಸಿ ದವಡೆಗೆ ಸೇರಿಸಿದಳು. "ಏನೂ ಇಲ್ಲ ಅಂತ ಒಬ್ಬನಿಗೆ ಹೇಳಿದ್ರೆ ನಾಳೆಯಿಂದ ಇಲ್ಲಿಗೆ ಯಾರು ಬರ್ತಾರೆ? ಬಂದದ್ದು ಬರುತ್ತೆ. ಹೋಗು, ಕೂತ್ಕೋ."

"ನನ್ನ ಹೆಂಡ್ತಿ ಹೆಸರು ಹೇಳ್ಬೇಡಿ. ಅವಳು ಹೊರಟು ಹೋಗ್ತಾಳೆ."

"ನಿನ್ನ ಹೆಂಡ್ತಿ ಹಾಕಿದಾಳಾ?"

"ಇಲ್ಲ."

"ಅವಳ ಕೈಯಿಂದ ತಿಂತೀಯಾ?"

ಅವನು ಅಂಗೈ ಉಜ್ಜಿಕೊಂಡ. ಮುದುಕಿಯ ಕಣ್ಣು ಅವನ ಕೈಯ ಮೇಲೆ ಇಳಿಯಿತು.

"ಬೆರಳು ಯಾಕೆ ಅಷ್ಟು ಕೆಂಪು?"

"ಕೆಲಸದ್ದು. ಬಣ್ಣ. ಅದಕ್ಕೆ ಸರ್ಟಿಫಿಕೇಟ್ ಇದೆ ಆತ್ತಾ, ಅದೇನೂ ಮಾಡಲ್ಲ."

"ತೊಳೆದ್ರೆ ಹೋಗಲ್ವಾ?"

"ಹನ್ನೆರಡು ವರ್ಷದಿಂದ ಹೋಗಿಲ್ಲ."

ಮುದುಕಿ ಅಗಿಯುತ್ತ ಒಳಗೆ ಹೋದಳು.

ಅವನ ಸರದಿ ಬಂದಾಗ ಮುದುಕಿಯ ಸೊಸೆ ಸೊಪ್ಪಿನ ರಸ ತಂದಳು. ಪ್ಲಾಸ್ಟಿಕ್ ಲೋಟದಲ್ಲಿ.

"ಸ್ಟೀಲ್ ಲೋಟ ಇಲ್ವಾಮ್ಮಾ?"

ಜಗಲಿಯಲ್ಲಿ ನಗೆಯೆದ್ದಿತು. "ಒಳಗಿರೋ ಮದ್ದು ಮಾತಾಡ್ತಿದೆ," ಎಂದ ಆ ಮುದುಕ. ನಾಚಮ್ಮಾಳ್ ಅಳಿಯನ ಮೂಗು ಹಿಡಿದಳು, ಸೊಸೆ ಹುಯ್ದಳು. ಒಂಬತ್ತು ದಿನದ ನಂತರ ಬೇರೊಬ್ಬರ ಕೈಯಿಂದ ಅವನ ಹೊಟ್ಟೆಗೆ ಏನಾದರೂ ಇಳಿದದ್ದು ಅದೇ ಮೊದಲು.

ಕೊಳವೆ ತಣ್ಣಗಿತ್ತು. ಮುದುಕಿ ಹೀರಿದಳು, ಕೆಮ್ಮಿದಳು, ಮತ್ತೆ ಹೀರಿದಳು. ಟಕ್ಕೆಂದು ಏನೋ ಬೋಗುಣಿಗೆ ಬಿತ್ತು. ಹುಣಸೆಬೀಜದಷ್ಟು ದಪ್ಪ, ಕಪ್ಪಗೆ, ಮೇಲೆ ಎರಡು ಕೂದಲು. ಎಲೆಯಡಿಕೆಯ ಜೊತೆಗೇ ಅದು ಅವಳ ದವಡೆಯಲ್ಲಿತ್ತು ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೂ ಹೊಟ್ಟೆ ಹಗುರಾದಂತಾಯಿತು. ಹಾಗಾದದ್ದಕ್ಕೆ ಅವನಿಗೆ ಬೆವರು ಬಂತು.

ಮುದುಕಿ ಉಂಡೆಯನ್ನು ಕಡ್ಡಿಯಿಂದ ಹೊರಳಿಸಿದಳು. ಪೂಂಗೊಡಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಬೆರಳ ತುದಿ ರಕ್ತವಿಲ್ಲದೆ ಬೆಳ್ಳಗಾಗಿತ್ತು.

"ಹೆಂಗಸಿನ ಕೈ ಅಲ್ಲ ಇದು," ಎಂದಳು ಮುದುಕಿ.

ಜಗಲಿಯವರು ಕತ್ತು ಚಾಚಿದರು.

"ಗಂಡಸಿನ ಕೈ. ಬಲಗೈ. ಬೆರಳು ಕೆಂಪು." ಕಡ್ಡಿಯನ್ನು ಅವನ ಕಡೆ ತೋರಿಸಿದಳು. "ತನಗೆ ತಾನೇ ಹಾಕ್ಕೊಂಡಿದಾನೆ."

ಮೊದಲು ಮಾತು ಬಂದದ್ದು ನಾಚಮ್ಮಾಳಿಗೆ. "ಅಯ್ಯೋ ಶಿವನೇ! ತನ್ನನ್ನ ತಾನೇ ವಶ ಮಾಡ್ಕೊಳ್ಳೋಕೆ ಮದ್ದು ಹಾಕ್ಕೊಂಡೋನನ್ನ ಇವತ್ತೇ ಕಂಡದ್ದು! ಯಾರಿಗೂ ಬೇಡವಾದ್ರೆ ಹೀಗೂ ಮಾಡ್ತಾರಾ?"

ಜಗಲಿ ಬಿದ್ದು ಬಿದ್ದು ನಕ್ಕಿತು. ಮುದುಕನಿಗೆ ಕೆಮ್ಮು ಹತ್ತಿತು. ಟ್ಯಾಂಕರಿನ ಸಾಲಿನಲ್ಲಿದ್ದ ಆ ನಾದಿನಿಯೂ ಸುದ್ದಿ ತಿಳಿದು ಬಂದು ಅಲ್ಲೇ ಒಂದು ಮೂಲೆಯಲ್ಲಿದ್ದಳು. ಆಗಲೇ ಫೋನು ಕಿವಿಗೆ ಹಿಡಿದಿದ್ದಳು. ಸಂಜೆಯೊಳಗೆ ಪೂಂಗೊಡಿಯ ಹೆಸರು ಬೀದಿಯಲ್ಲಿ ತೊಳೆದ ಪಾತ್ರೆಯಂತಾಗುವುದರಲ್ಲಿ ಅನುಮಾನವಿರಲಿಲ್ಲ. ಪೂಂಗೊಡಿ ಎಲ್ಲರೂ ನಕ್ಕು ನಿಲ್ಲಿಸಿದ ಮೇಲೆ ನಗತೊಡಗಿದಳು. ಬಹಳ ಹೊತ್ತು ನಕ್ಕಳು. ಅವನು ನಗುವಂತೆ ಮುಖ ಮಾಡಿಕೊಂಡ. ಗೆದ್ದವನು ತಾನೇ ಎಂದು ಹೇಳಿಕೊಂಡ, ಕೇಳಿದ್ದು ಸಿಕ್ಕಿತಲ್ಲ.

ಸೊಸೆ ಬೋಗುಣಿಯನ್ನು ಹಿತ್ತಲಿಗೆ ಒಯ್ದು ಚೆಲ್ಲಿದಳು. ಕೈತೊಳೆಯಲು ಹೋಗಿದ್ದ ಅವಿನಾಶಿ ನೋಡಿದ. ಬೇಲಿಯ ಹತ್ತಿರ ಕೆದಕುತ್ತಿದ್ದ ಕಂದು ಕೋಳಿಯೊಂದು ಓಡಿ ಬಂದು, ಬೇರೆಯವಕ್ಕಿಂತ ಮೊದಲು, ಅವನ ಉಂಡೆಯನ್ನು ನುಂಗಿತು. ಕೂದಲು ಕೊಕ್ಕಿನಲ್ಲಿ ಸಿಕ್ಕಿಕೊಂಡಿತು. ಎರಡು ಸಲ ಕತ್ತು ಕೊಡವಿ ಅದನ್ನೂ ನುಂಗಿತು. ಹಿತ್ತಲಿನ ಕೋಳಿಗಳೆಲ್ಲ ದಷ್ಟಪುಷ್ಟವಾಗಿದ್ದವು.

ಅವನು ಮುಂದಕ್ಕೆ ಬರುವಷ್ಟರಲ್ಲಿ ಪೂಂಗೊಡಿ ಸೊಸೆಯ ಹತ್ತಿರ ಆರು ಮೊಟ್ಟೆ ಕೊಂಡಾಗಿತ್ತು.

"ಮನೆ ಕೋಳೀದು ಮಾಮಾ. ಮದ್ದಿಲ್ಲದ್ದು."

ಅವನು ಬಾಯಿ ತೆರೆದ. ಕೋಳಿ ತಿಂದದ್ದನ್ನು ಹೇಳಬೇಕಾದರೆ ಉಂಡೆ ನಿಜವೆಂದು ಒಪ್ಪಬೇಕಾಗುತ್ತಿತ್ತು. ಬಾಯಿ ಮುಚ್ಚಿದ.

ಸೊಸೆ ಮೊಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಹೊರಟಳು. "ಚೀಲ ಬೇಡ," ಎಂದ ಅವನು. ಅದೊಂದು ಮಾತು ಮಾತ್ರ ತಾನಾಗಿಯೇ ಬಂತು.

"ಹಾಗಾದ್ರೆ ನೀವೇ ಹಿಡ್ಕೊಳ್ಳಿ," ಎಂದಳು ಪೂಂಗೊಡಿ. ಅವನ ಎರಡು ಅಂಗೈಗೂ ಮೂರು ಮೂರರಂತೆ ಇಟ್ಟಳು.

ರಸ್ತೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ತಿರುಪ್ಪೂರಿನ ಬಸ್ಸು ಈ ಬದಿ ನಿಲ್ಲುತ್ತದೆ, ಧಾರಾಪುರದ್ದು ಆ ಬದಿ. ತಾಯಿಯ ಹಿಂದೆ ಪೂಂಗೊಡಿಯೂ ರಸ್ತೆ ದಾಟತೊಡಗಿದಳು.

"ನೀನೆಲ್ಲಿಗೆ?"

"ಅಮ್ಮನ ಮನೆಗೆ."

"ಯಾಕೆ? ಹೆಸರು ಸರಿ ಹೋಯ್ತಲ್ಲ."

"ಹೋಯ್ತು." ನಡು ರಸ್ತೆಯಲ್ಲಿ ನಿಂತು ಅವಳು ಹಿಂದಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ಹಸಿವಾಗ್ತಿದೆ ಮಾಮಾ. ಒಂಬತ್ತು ದಿನದಿಂದ ಒಬ್ಬಳೇ ಕೂತು ತಿಂತಿದೀನಿ. ಎದುರಿಗೆ ಯಾರಾದ್ರೂ ಕೂತು ತಿನ್ನೋರು ಬೇಕು."

"ಎಷ್ಟು ದಿನ?"

ಲಾರಿಯೊಂದು ಹಾರ್ನು ಬಾರಿಸುತ್ತ ನಡುವೆ ಹಾದುಹೋಯಿತು. ಅವಳು ಏನೋ ಹೇಳಿದಳು. ನಾಲ್ಕು ಎಂದಳೋ, ನೋಡೋಣ ಎಂದಳೋ.

ತಿರುಪ್ಪೂರಿನ ಬಸ್ಸೇ ಮೊದಲು ಬಂತು. ಕಾಲಿಡಲು ಜಾಗವಿರಲಿಲ್ಲ. ಹಿಂದಿನವರು ತಳ್ಳಿದ ರಭಸಕ್ಕೆ ಅವನು ಮೇಲೇರಿದ. ಎರಡೂ ಕೈ ಎದೆಯ ಮುಂದೆ, ಪ್ರಸಾದಕ್ಕೆ ಒಡ್ಡಿದಂತೆ. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು.

"ಕಂಬಿ ಹಿಡ್ಕೊಳ್ರೀ!" ಎಂದು ಕಂಡಕ್ಟರ್ ಕೂಗಿದ. "ಯಾಕ್ರೀ ಹಂಗೆ ನಿಂತಿದೀರ, ಕಂಬಿ ಹಿಡ್ಕೊಳ್ರೀ!"

ಸುತ್ತಲಿನವರು ಅವನ ಕೈ ನೋಡಿ, ಮುಖ ನೋಡಿ, ತಂತಮ್ಮ ಬಟ್ಟೆಗಳನ್ನು ಎಳೆದುಕೊಂಡು ಸ್ವಲ್ಪ ಹಿಂದಕ್ಕೆ ಸರಿದರು. ಅಷ್ಟು ಕಿಕ್ಕಿರಿದ ಬಸ್ಸಿನಲ್ಲಿ ಅವನ ಸುತ್ತ ಒಂದು ಖಾಲಿ ವೃತ್ತ ಉಂಟಾಯಿತು. ಬಸ್ಸು ಹೊರಟಿತು. ಮುಂದೆ ತಿರುವಿತ್ತು.