ವೆಹ್ಹಾ ರಾಜನ ಹೆಸರಿಗೊಂದು ಹೋರಿಗರು

ಇಂಗ್ಲೆಂಡಿನ ಪೂರ್ವದಂಚಿನಲ್ಲಿ ಸುಮಾರು ಸಾವಿರದೈನೂರು ವರ್ಷಗಳ ಹಿಂದೆ ವೆಹ್ಹಾ ಎಂಬ ರಾಜನಿದ್ದನಂತೆ. ಗೆದ್ದ ಯುದ್ಧ ಗೊತ್ತಿಲ್ಲ, ಕಟ್ಟಿಸಿದ ಗೋಡೆ ಗೊತ್ತಿಲ್ಲ, ಸತ್ತದ್ದು ಯಾವಾಗ ಎಂಬುದೂ ಗೊತ್ತಿಲ್ಲ. ವುಫಾ ಎಂಬ ಮಗನಿದ್ದ, ವಂಶಕ್ಕೆ ಆ ಮಗನ ಹೆಸರೇ ನಿಂತಿತು. ಅಪ್ಪನ ಸಾಧನೆ ಅಷ್ಟೇ. ಇಂಥವನ ಬೆನ್ನು ಹತ್ತಿ ಶಾಂಭವಿ ಷಿಕಾಗೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಡಿಸೈನ್ ಮಾಡುವ ಅವಳಪ್ಪ ಬಸವನಿಗೆ ಇದನ್ನು ಕನ್ನಡಿಗರ ಪಾಟ್‌ಲಕ್ ಊಟಗಳಲ್ಲಿ ವಿವರಿಸುವುದೇ ಒಂದು ಶಿಕ್ಷೆ.

"ಮಗಳು ಡಾಕ್ಟರ್ ಆಗ್ತಿದಾಳಂತಲ್ಲ, ಯಾವ ಸ್ಪೆಷಾಲಿಟಿ?" ಎಂದು ಮೈಸೂರಿನ ಶಿವರಾಮು ಕೇಳಿದಾಗ, "ಭಾಳ ಹಳೇ ಪೇಶಂಟು" ಎಂದು ಜಾರಿಕೊಂಡಿದ್ದ.

ಇವತ್ತು ಕೊನೆಯ ಮೌಖಿಕ ಪರೀಕ್ಷೆ. ಪಾಸಾದರೆ ವಿಕ್ಸಮ್ ಪಕ್ಕದ ಲಿವೋನಿಯಾದ ಕಾಲೇಜೊಂದರಲ್ಲಿ ಕೆಲಸ, ಮಗಳು ಮತ್ತೆ ಮನೆಗೆ ಹತ್ತಿರ. ಇಲ್ಲದಿದ್ದರೆ ಕಾಲೇಜಿನವರು ಕಾಯುವುದಿಲ್ಲ. ಬಸವ ಮತ್ತು ಹೆಂಡತಿ ಲತಾಶ್ರೀ ಶೇಂಗಾ ಹೋಳಿಗೆಯ ಡಬ್ಬಿ ಸಮೇತ ಷಿಕಾಗೋದಲ್ಲಿ ಹಾಜರಾದರು.

"ಅಪ್ಪಾ, ಪ್ಲೀಸ್, ಡೋಂಟ್ ಟಾಕ್ ಟು ಎನಿಬಡಿ."

"ನಾ ಯಾಕ ಮಾತಾಡ್ಲವ್ವಾ? ಬಾಯಿ ಹೊಲಕೊಂಡು ಕೂಡ್ತೀನಿ."

ಹೊಲಿಗೆ ಮೊದಲ ಕಾಫಿಗೇ ಬಿಚ್ಚಿತು. ಎರಡನೇ ಹೋಳಿಗೆಗೆ ಕೈಹಾಕಿದ್ದ ಮುಖ್ಯ ಪರೀಕ್ಷಕರು, ನಿಮ್ಮಲ್ಲೂ ವಂಶಾವಳಿಗಳಿವೆಯೇ ಎಂದು ಮರ್ಯಾದೆಗೆ ಕೇಳಿದರು. ಬಸವ ಗದಗದ ಕಡೆಯ ತನ್ನೂರಿಗೆ ವಂಶಾವಳಿ ಹೇಳಲು ಬರುವ ಹೆಳವನ ಕಥೆ ಶುರುಮಾಡಿದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದ. ಬಾಗಿಲಲ್ಲಿ ನಿಂತು ಮನೆತನದ ಹಿರಿಯರನ್ನೆಲ್ಲ ಹೆಸರು ಹಿಡಿದು ಹೊಗಳುತ್ತಿದ್ದ. ಒಮ್ಮೆ ಅಜ್ಜ ಖುಷಿಯಾಗಿ ಹೋರಿಗರು ಕೊಟ್ಟ. ಮುಂದಿನ ಸಲ ಬಂದಾಗ ವಂಶದಲ್ಲಿ ಹೊಸದಾಗಿ ಒಬ್ಬ ದೇಸಾಯಿ ಸೇರಿಕೊಂಡಿದ್ದ! ಪರೀಕ್ಷಕರು ಮನಸಾರೆ ನಕ್ಕರು. ಮಗಳ ಕೆಲಸ ಅರ್ಧ ಆಯಿತೆಂದು ಬಸವ ಬೀಗಿದ.

ಒಳಗೆ, ಅಪ್ಪ ಅಮ್ಮ ಹಿಂದಿನ ಸಾಲಿನಲ್ಲಿ ಕೂತಿರಲು, ಶಾಂಭವಿ ಚೆನ್ನಾಗಿಯೇ ಮಾತಾಡಿದಳು. ವೆಹ್ಹಾನಿಗಿಂತ ಮೇಲಿನ ಹೆಸರುಗಳು ಸೀಸರನನ್ನೂ ವೋಡನ್ ದೇವರನ್ನೂ ಮುಟ್ಟುತ್ತವೆ. ಅವು ಕಟ್ಟುಕಥೆ, ಒಪ್ಪೋಣ. ಆದರೆ ಏನೂ ಮಾಡದ ರಾಜನನ್ನು ಯಾರು ತಾನೇ ಕಟ್ಟುತ್ತಾರೆ? ಹಾಗಾಗಿ ವೆಹ್ಹಾ ನಿಜ. ಇಡೀ ಪ್ರಬಂಧ ನಿಂತದ್ದೇ ಈ ಮಾತಿನ ಮೇಲೆ.

"ನಿಮ್ಮ ತಂದೆಯ ಊರಿನಲ್ಲಿ ಒಂದು ಕರುವಿಗೆ ಒಬ್ಬ ಪೂರ್ವಜ ಸಿಗುತ್ತಾನಂತೆ," ಎಂದರು ಪರೀಕ್ಷಕರು, ಪ್ರೀತಿಯಿಂದಲೇ. "ವೆಹ್ಹಾ ಎಷ್ಟಕ್ಕೆ ಬಂದಿರಬಹುದು?"

ಶಾಂಭವಿ ಪ್ರಬಂಧದ ಹಾಳೆ ತಿರುವತೊಡಗಿದಳು. ಲತಾಶ್ರೀ ಗಂಡನತ್ತ ನೋಡಿದಳು. ಬಸವ ಕೈ ಎತ್ತಿ, ತಮ್ಮ ದೇಸಾಯಿ ನಿಜಕ್ಕೂ ಇದ್ದಿರಲೂಬಹುದು ಎಂದು ಹೇಳಲು ಎದ್ದ. ಸಭಿಕರು ಮಾತಾಡುವಂತಿಲ್ಲ ಎಂದು ಪರೀಕ್ಷಕರು ತಡೆದರು. ಕೂತ. ಕೈ ಮಾತ್ರ ಸ್ವಲ್ಪ ಹೊತ್ತು ಮೇಲೆಯೇ ಇತ್ತು.

ತೀರ್ಪು ಸೌಮ್ಯವಾಗಿತ್ತು: ಇವತ್ತು ಪದವಿ ಇಲ್ಲ. ಹೆಳವರ ಮೇಲೊಂದು ಅಧ್ಯಾಯ ಸೇರಿಸಿ, ವಾದವನ್ನು ತಿದ್ದಿ, ಮುಂದಿನ ವರ್ಷ ಬರಬೇಕು. ಪರೀಕ್ಷಕರಿಗೆ ಆ ಹೆಳವ ಬಹಳ ಹಿಡಿಸಿದ್ದ.

ಕಾರಿಡಾರಿನಲ್ಲಿ ಶಾಂಭವಿ ಅಳಲಿಲ್ಲ, ಬಯ್ಯಲೂ ಇಲ್ಲ. "ಅಪ್ಪಾ, ಅವನ ಹೆಸರೇನು? ಫುಟ್‌ನೋಟ್‌ನಾಗ ಹಾಕಬೇಕಂತ."

ಬಸವನಿಗೆ ಹೆಳವನ ಕಂಬಳಿ ನೆನಪಾಯಿತು, ಗಂಟೆಯ ಸದ್ದು ನೆನಪಾಯಿತು. ಎಲ್ಲರ ಮುತ್ತಜ್ಜಂದಿರ ಹೆಸರು ಹೇಳುತ್ತಿದ್ದವನ ಹೆಸರನ್ನು ತಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಹೆಳವಪ್ಪ ಅಂತಿದ್ವಿ," ಎಂದ. ಮಗಳು ಪೆನ್ನು ತೆಗೆದಳು, ಬರೆಯಲಿಲ್ಲ. "ಎತ್ತಿನ ಹೆಸರು ನೆನಪೈತಿ ನೋಡವ್ವಾ. ಅದನ್ನ ಹಾಕಿದ್ರ ನಡೀತೈತೇನು?"