ಆಕಾಶದ ಮನೆಗೆ ಹೆಣ್ಣು ಕೊಟ್ಟದ್ದು

ಕುಮಟಾ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟ ಮಧುಸೂದನ ಮಾತು ಕಡಿಮೆಯ ಮನುಷ್ಯ. ಗೋಡೆಯ ಮೇಲಿನ ಅಕ್ಷರ ತೋರಿಸಿ 'ಇದು?' ಎನ್ನುತ್ತಿದ್ದ, ಮಸೂರ ಬದಲಿಸಿ 'ಈಗ?' ಎನ್ನುತ್ತಿದ್ದ. ಈ ಎರಡು ಪದಗಳಲ್ಲೇ ಹದಿನೆಂಟು ವರ್ಷ ವ್ಯಾಪಾರ ನಡೆದಿತ್ತು. ಉಳಿದ ಮಾತನ್ನೆಲ್ಲ ಇವರು ಮೇಜಿನ ಮೇಲಿನ ಆ ಹಳೆಯ ಭೂಗೋಳದ ಹತ್ತಿರ ಆಡುತ್ತಾರೆ ಎಂದು ಹೆಂಡತಿ ಮಾಲಿನಿ ನೆಂಟರೆದುರು ದೂರುವುದಿತ್ತು. ಅದು ಸುಳ್ಳು. ಭೂಗೋಳದ ಜೊತೆಯೂ ಅವನು ಮಾತಾಡುತ್ತಿರಲಿಲ್ಲ.

ಭಟ್ಕಳದ ನವಾಯತ ವ್ಯಾಪಾರಿಯೊಬ್ಬರ ಹಳೆಯ ಮನೆಯ ಮಾಡು ಬಿಚ್ಚುವಾಗ ಅಟ್ಟದಿಂದ ಇಳಿದದ್ದು ಅದು. ಆರು ವರ್ಷದ ಕೆಳಗೆ ತಂದಿದ್ದ. ಕುಂಬಳಕಾಯಿ ಗಾತ್ರ, ಸುಮಾರು ನೂರಾ ತೊಂಬತ್ತು ವರ್ಷ ಪ್ರಾಯ, ಸುತ್ತ ಹಿತ್ತಾಳೆ ಬಳೆ. ಒಳಗೆ ಟೊಳ್ಳು, ಕಾಗದ ಅರೆದು ಮಾಡಿದ ಬುರುಡೆ, ಮೇಲೆ ಗಾರೆ, ಅದರ ಮೇಲೆ ದೋಣಿಯಾಕಾರದ ಹನ್ನೆರಡು ಪಟ್ಟಿಗಳಲ್ಲಿ ಅಚ್ಚಾದ ಲೋಕವನ್ನು ಅಂಟಿಸಿದ್ದಾರೆ. ಇದನ್ನೆಲ್ಲ ಅವನು ಓದಿ ಓದಿ ಕಲಿತ. ಅದರಲ್ಲಿ ಹೊನ್ನಾವರ ಇತ್ತು, ಭಟ್ಕಳ ಇತ್ತು, ಕುಮಟಾ ಇರಲಿಲ್ಲ. ತಾನು ಕೂತ ಊರೇ ಇಲ್ಲದ ಲೋಕವೊಂದು ಎದುರಿಗಿದೆ ಎಂಬುದು ಅವನಿಗೆ ಎಂಥದೋ ಸಮಾಧಾನ ಕೊಡುತ್ತಿತ್ತು.

ಆದರೆ ಓದಿದ್ದರಿಂದಲೇ ಸಮಾಧಾನ ಕೆಟ್ಟಿತು. ಆ ಕಾಲದಲ್ಲಿ ಗೋಳಗಳು ಒಂಟಿಯಾಗಿ ಹುಟ್ಟುತ್ತಿರಲಿಲ್ಲ. ಭೂಮಿಯದೊಂದು, ನಕ್ಷತ್ರಗಳದೊಂದು, ಒಂದೇ ಅಳತೆ, ಒಂದೇ ನಮೂನೆಯ ಪೀಠ. ಆಕಾಶಗೋಳದಲ್ಲಿ ನಕ್ಷತ್ರಗಳೆಲ್ಲ ಎಡಬಲ ಅದಲುಬದಲಾಗಿರುತ್ತವಂತೆ, ಏಕೆಂದರೆ ಅದನ್ನು ನೋಡುವವನು ಆಕಾಶದ ಹೊರಗೆ ನಿಂತಿರುತ್ತಾನೆ ಎಂಬುದು ಮಾಡಿದವರ ಲೆಕ್ಕ. ಆ ಜೋಡಿಯನ್ನು ತನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಒಮ್ಮೆ ನೋಡಬೇಕು. ಇದಕ್ಕಿಂತ ಹೆಚ್ಚಿನ ಆಸೆ ಅವನಿಗೆ ಇರಲಿಲ್ಲ. ಇದು ಬಿಟ್ಟರೆ ಬೇರೆಯ ಆಸೆಯೂ ಇರಲಿಲ್ಲ.

ಭಟ್ಕಳದ ಆ ವ್ಯಾಪಾರಿಯನ್ನು ಮತ್ತೆ ಮತ್ತೆ ಕಂಡು ಎದುರಿಗೆ ಸುಮ್ಮನೆ ಕೂತ. ಐದನೆಯ ಭೇಟಿಯಲ್ಲಿ ಆ ಮೌನ ತಾಳಲಾರದೆ ಅವರು ಜ್ಞಾಪಿಸಿಕೊಂಡರು. ಇನ್ನೊಂದು ಚೆಂಡು ಇತ್ತು. ಬಿರುಗಾಳಿಯಲ್ಲಿ ಸರಕಿನ ಮಚವೆ ಹಡಗನ್ನು ದಡ ಮುಟ್ಟಿಸಿದ ಮಾವಿನಕುರ್ವೆ ನಡುಗಡ್ಡೆಯ ಅಂಬಿಗನಿಗೆ ತಮ್ಮ ಅಜ್ಜ ಅದನ್ನು ಇನಾಮು ಕೊಟ್ಟಿದ್ದ.

ಹೊನ್ನಾವರದ ಬಂದರಿನಿಂದ ದೋಣಿ ಹತ್ತಿ ಮಧುಸೂದನ ಕುರ್ವೆಗೆ ಹೋದ. ಆ ಅಂಬಿಗನ ಮನೆಯಲ್ಲಿ ಈಗ ದುರ್ಗಿ ಎಂಬ ಮುದುಕಿಯೂ ಮೀನು ಹಿಡಿಯುವ ಅವಳ ಮಗ ವೆಂಕಟನೂ ಇದ್ದರು. ಅಡುಗೆಕೋಣೆಯ ನೆಲುವಿನಲ್ಲಿ, ಎರಡು ತೆಂಗಿನಕಾಯಿ ಮತ್ತು ಒಣಸೆಟ್ಲಿ ಸಿಗಡಿಯ ಪೊಟ್ಟಣದ ನಡುವೆ, ಆಕಾಶ ತೂಗುತ್ತಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ವರ್ಷಕ್ಕೊಮ್ಮೆ ನರಕ ಚತುರ್ದಶಿಗೆ ಮನೆಯ ಗಂಡಸರಿಗೆಲ್ಲ ಹಚ್ಚುವಾಗ ಅದಕ್ಕೂ ಎಣ್ಣೆ ಹಚ್ಚುವ ಪದ್ಧತಿ ಇತ್ತಂತೆ. ಮಧುಸೂದನ ಮಣೆಯ ಮೇಲೆ ನಿಂತು ಮಸೂರ ಹಿಡಿದು ನೋಡಿದ. ಚೇಳಿನ ಬಾಲ ಉಲ್ಟಾ ತಿರುಗಿತ್ತು.

ಕೊಳ್ಳುವ ಮಾತೆತ್ತಿದ. ವೆಂಕಟ ತಲೆ ಕೆರೆದುಕೊಂಡು ತಾಯಿಯ ಮುಖ ನೋಡಿದ. ದುರ್ಗಿ ಮೀನು ಕೊಯ್ಯುವ ಕತ್ತಿಯಿಂದ ಕಣ್ಣೆತ್ತಲಿಲ್ಲ.

"ಮನೆ ಗಂಡನ್ನ ಯಾರಾದ್ರೂ ಮಾರೂದಿತ್ತ ತಮಾ? ಚಾ ಕುಡಿ, ದೋಣಿ ಹಿಡಿ."

ಸಾಮಾನ್ಯವಾಗಿ ಮಧುಸೂದನ ಇಂಥಲ್ಲಿ ಎದ್ದುಬಿಡುವವನು. ಅಂದು ಏಳಲಾಗಲಿಲ್ಲ. ನೆಲುವು ನೋಡುತ್ತ, ಅಲ್ಲಿಯವರೆಗಿನ ತನ್ನ ಜೀವಮಾನದಲ್ಲೇ ಉದ್ದವಾದ ಮಾತು ಆಡಿದ. "ಇದ್ರ ಜೋಡಿ ನಮ್ಮನೇಲಿ ಇತ್ತು ಅಮಾ. ಅದೂ ಒಂಟಿ, ಇದೂ ಒಂಟಿ."

ದುರ್ಗಿ ಕತ್ತಿ ಬದಿಗಿಟ್ಟಳು. ಕೈ ತೊಳೆದು, ಸೆರಗು ಸರಿಮಾಡಿ, ವೆಂಕಟನಿಗೆ ಚಾಪೆ ಹಾಸಲು ಹೇಳಿದಳು. ಅವಲಕ್ಕಿ ಬಂತು, ಬಾಳೆಹಣ್ಣು ಬಂತು.

"ಹಂಗೆ ಹೇಳೂದಲ್ವ ಮೊದ್ಲೇ. ಕೊಳ್ಳೂಕೆ ಬಂದವ ಅಂದ್ಕಂಡೆ. ಸಂಬಂಧ ಕೇಳೂಕೆ ಬಂದದ್ದ?"

ಮಧುಸೂದನ ಅವಲಕ್ಕಿ ಬಾಯಿಗೆ ಹಾಕಿಕೊಂಡ. ಅಲ್ಲ ಎಂದಿದ್ದರೆ ಮತ್ತೆ ದೋಣಿ ಹಿಡಿಯಬೇಕಿತ್ತು. ಅವನ ಮೌನವನ್ನು ಅವಳು ಲಕ್ಷಣವಂತ ಬೀಗರ ಸಂಕೋಚ ಎಂದು ತಿಳಿದಳು. ಮನೆತನ ವಿಚಾರಿಸಿದಳು. ಇಲ್ಲಿ ಅವನು ಹುಮ್ಮಸ್ಸಿನಲ್ಲಿ ಮೊದಲ ತಪ್ಪು ಮಾಡಿದ. ಜೋಡಿ ಎಂದು ಸಾಬೀತು ಮಾಡಬೇಕೆಂದು ಮೊಬೈಲಿನಲ್ಲಿ ತನ್ನ ಗೋಳದ ಚಿತ್ರ ತೋರಿಸಿ, ಎರಡರ ಮೇಲೂ ಇರುವ ಕಾರ್ಖಾನೆಯ ಮುದ್ರೆ ತೋರಿಸಿದ. ಒಂದೇ ಕಾರ್ಖಾನೆ, ಒಂದೇ ವರ್ಷ, ಒಂದೇ ಹಡಗಿನಲ್ಲಿ ಬಂದು ಭಟ್ಕಳದ ಒಂದೇ ಮನೆಯಲ್ಲಿ ಇದ್ದವು ಎಂದ.

ದುರ್ಗಿಯ ಮುಖ ಸಪ್ಪೆಯಾಯಿತು. ಒಂದೇ ಬಳಿಯವರೊಳಗೆ, ಒಂದೇ ಕುಲದೊಳಗೆ, ಕೊಡುವ ತರುವ ಕ್ರಮ ತಮ್ಮಲ್ಲಿ ಇಲ್ಲ ಎಂದಳು.

"ಒಂದೇ ಹೊಟ್ಟೇಲಿ ಹುಟ್ಟಿದ್ದು. ಅಕ್ಕ ತಮ್ಮ ಆತಲ್ಲ ತಮಾ. ಹೇಸಿಗೆ ಮಾತು."

ಆ ಮಳೆಗಾಲ ಮಧುಸೂದನ ಅಂಗಡಿಯಲ್ಲಿ 'ಇದು?' ಎನ್ನುವುದನ್ನೂ ಮರೆತ. ಗಿರಾಕಿಗಳು ತಾವೇ ಅಕ್ಷರ ಓದಿ, ತಾವೇ ಮಸೂರ ಬದಲಿಸಿಕೊಂಡು ಹೋದರು. ಅವನು ಪರದೇಶದ ವಸ್ತುಸಂಗ್ರಹಾಲಯಗಳ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಆ ಕಾರ್ಖಾನೆಯ ಪ್ರತಿಯೊಬ್ಬ ಕೆಲಸಗಾರನ ಹೆಸರು ಹುಡುಕಿದ. ಗೋಳಗಳನ್ನು ಹುಡುಕಿದವರು ಲೋಕದಲ್ಲಿ ಬೇಕಾದಷ್ಟು ಇದ್ದಾರು; ಅವುಗಳ ಕುಲ-ಬಳಿ ಹುಡುಕಿದವನು ಅವನೊಬ್ಬನೇ ಇರಬೇಕು. ಚೌತಿಯ ಹೊತ್ತಿಗೆ ಸಿಕ್ಕಿತು. ಭೂಮಿಯ ನಕ್ಷೆ ಕೊರೆದವನು ಕಾರ್ಖಾನೆಯ ಯಜಮಾನ. ನಕ್ಷತ್ರಗಳನ್ನು ಕೊರೆದವನು ಯಜಮಾನನ ತಂಗಿಯ ಗಂಡ.

ಮರುದಿನವೇ ಕುರ್ವೆಗೆ ಓಡಿದ. ದುರ್ಗಿ ಬೆರಳು ಮಡಿಸಿ ಸಂಬಂಧ ಎಣಿಸಿದಳು. ಅಣ್ಣನ ಕೂಸು ಒಂದು, ತಂಗಿಯ ಕೂಸು ಒಂದು. ಮುಖ ಅರಳಿತು.

"ಸೋದರ ಮಾವನ ಮಗಳು. ಇದ್ಕಿಂತ ಎಂತ ಬೇಕು?"

ಮಧುಸೂದನನಿಗೆ ಕಣ್ಣು ತುಂಬಿತು. ಚೇಳು, ಏಡಿ, ಸಿಂಹ ಎಲ್ಲ ತನ್ನ ಮೇಜಿನ ಮೇಲೆ ಬಂದು ಕೂತಂತೆ ಅನ್ನಿಸಿತು. ಯಾವಾಗ ಕರೆದುಕೊಂಡು ಹೋಗಲಿ ಎಂದು ಕೇಳಿದ. ದುರ್ಗಿ ವೆಂಕಟನನ್ನು ನೋಡಿದಳು, ವೆಂಕಟ ದುರ್ಗಿಯನ್ನು ನೋಡಿದ. ಇಬ್ಬರೂ ಮರ್ಯಾದೆಗೆಂದು ನಗು ತಡೆದುಕೊಂಡರು.

"ನಿಮ್ಮದು ಭೂಮ್ತಾಯಿ ಅಲ್ವ ವಡೆಯಾ?" ಎಂದ ವೆಂಕಟ ಮೆಲ್ಲಗೆ. "ನೀವು ಹೆಣ್ಣಿನ ಕಡೆಯವ್ರು. ಗಂಡನ್ನ ಕರ್ಕಂಡು ಹೋಗ್ತ್ರಾ? ಹೆಣ್ಣನ್ನ ಕಳಿಸೂದು."

ನೆಲುವು ಗಾಳಿಗೆ ಸ್ವಲ್ಪ ತೂಗಿತು. ಇಲ್ಲ ಎನ್ನಬಹುದಿತ್ತು. ಇದೆಲ್ಲ ಕಾಗದ, ಗಾರೆ, ಎಣ್ಣೆ ಎನ್ನಬಹುದಿತ್ತು. ಆದರೆ ಒಂದು ಮಳೆಗಾಲವಿಡೀ ಕೂತು ಇವು ಸೋದರಿಕೆಯ ಮಕ್ಕಳು ಎಂದು ದಾಖಲೆ ಸಮೇತ ಸಾಧಿಸಿದವನು ಅವನೇ. ಆ ಬಾಯಲ್ಲಿ ಈಗ ಕಾಗದ ಎನ್ನಲು ಮಾತು ಹೊರಡಲಿಲ್ಲ. ಹೆಣ್ಣಿನ ಅಪ್ಪ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ. ದುರ್ಗಿ ವೀಳ್ಯ ಕೊಟ್ಟಳು.

ಮನೆಗೆ ಬಂದು ಹೇಳಿದಾಗ ಮಾಲಿನಿ ಸೌಟು ಹಿಡಿದವಳು ಹಾಗೇ ನಿಂತಳು. "ಗಂಡು ತರೂಕೆ ಹೋದವ್ರು ಹೆಣ್ಣು ಕೊಟ್ಟು ಬಂದ್ರಿ. ವ್ಯಾಪಾರ ಅಂದ್ರೆ ನಿಮ್ಮದು."

ಆರು ವರ್ಷ ಆ ಚೆಂಡಿನ ಮೇಲೆ ಜಗಳ ಕಾದಿದ್ದ ಮಾಲಿನಿ, ಕಳಿಸುವ ದಿನ ಬೆಳಿಗ್ಗೆ ಬೇರೆಯೇ ಆಗಿದ್ದಳು. ದಕ್ಷಿಣದ ಖಾಲಿ ಬಿಳಿ ಜಾಗದಲ್ಲಿ ಕುಂಕುಮ ಇಟ್ಟಳು. ಹಿತ್ತಾಳೆ ಬಳೆಗೆ ಹೂ ಸುತ್ತಿ, ರವಕೆ ಕಣದಲ್ಲಿ ಅಕ್ಕಿ, ತೆಂಗಿನಕಾಯಿ ಇಟ್ಟು ಉಡಿ ತುಂಬಿದಳು. ನಂತರ ಒಳಗೆ ಹೋಗಿ ಮೂಗು ಸೀನಿಕೊಂಡದ್ದು ಮಧುಸೂದನನಿಗೆ ಕೇಳಿಸಿತು. ಆ ಮನೆಯಿಂದ ಹೀಗೆ ಯಾರನ್ನೂ ಕಳಿಸುವ ಪ್ರಸಂಗ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರುವಂತಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ಅದನ್ನು ಯೋಚಿಸಿದ.

ಕುರ್ವೆಯಲ್ಲಿ ಎರಡು ನಿಮಿಷದಲ್ಲಿ ಧಾರೆ ಮುಗಿಯಿತು. ಭೂಮಿಗೆ ಆಕಾಶದ ಪಕ್ಕದಲ್ಲೇ ಹೊಸ ನೆಲುವು ಕಟ್ಟಿದ್ದರು. ಹೊಗೆಗೆ, ಅಡುಗೆಯ ಹಬೆಗೆ ಹನ್ನೆರಡು ಪಟ್ಟಿಗಳ ಗತಿ ಏನು ಎಂದು ಅವನು ಲೆಕ್ಕ ಹಾಕಿದ. ಆದರೆ ಬೀಗರ ಮನೆಯ ಅನುಕೂಲದ ಬಗ್ಗೆ ಮೊದಲ ದಿನವೇ ಮಾತೆತ್ತುವುದು ಹೇಗೆ? ಚೆನ್ನಾಗಿ ನೋಡಲೂ ಆಗಲಿಲ್ಲ. ಊಟಕ್ಕೆ ಕೂತವರ ತಲೆಗಳು ಅಡ್ಡ ಬಂದವು. ಹೆಣ್ಣಿನ ಅಪ್ಪ ತಾನು ಕೊಟ್ಟ ಮನೆಯಲ್ಲಿ ಬಹಳ ಹೊತ್ತು ಕೂರುವುದೂ ಚಂದವಲ್ಲ.

ಮೇಜು ಖಾಲಿಯಾಯಿತು. ಪೀಠ ಇದ್ದ ಕಡೆ ಧೂಳಿಲ್ಲದ ಒಂದು ವೃತ್ತ ಉಳಿಯಿತು. ಮಾಲಿನಿ ಅದನ್ನು ಒರೆಸದೆ ಸುತ್ತ ಗುಡಿಸಿದಳು.

ಆಮೇಲೆ ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಹೆಂಡತಿಯ ಜೊತೆ ಮಾವನ ಮನೆಗೆ ಬರಬೇಕು. ಇದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ. ಹಬ್ಬದ ಹಿಂದಿನ ದಿನ ವೆಂಕಟ ಎರಡು ಮೀನುಬುಟ್ಟಿಗಳಲ್ಲಿ ಹುಲ್ಲು ಹಾಸಿ ಇಬ್ಬರನ್ನೂ ಟೆಂಪೋದಲ್ಲಿ ಕರೆತಂದ. ಶಾಂತಸಾಗರಕ್ಕೆ ಒಂದು ಮೀನಿನ ಹುರುಪೆ ಅಂಟಿತ್ತು. ಅದು ಬಿಟ್ಟರೆ ಭೂಮಿ ಚೆನ್ನಾಗಿಯೇ ಇತ್ತು. ಧಾರೆಯ ದಿನ ಹಚ್ಚಿದ ಎಣ್ಣೆಗೆ ಮೈ ತುಂಬಿದಂತೆ ಕಾಣುತ್ತಿತ್ತು. ಮರುದಿನ ಮಾಲಿನಿ ಇಬ್ಬರಿಗೂ ಎಣ್ಣೆ ಹಚ್ಚಿ ಆರತಿ ಮಾಡಿದಳು. ಅಳಿಯನಿಗೆ ಜರಿಯಂಚಿನ ಪಂಚೆ ಉಡುಗೊರೆಯಾಯಿತು.

ಮಧ್ಯಾಹ್ನ ಊಟವಾದ ಮೇಲೆ ಮಧುಸೂದನ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಭೂಮಿಯನ್ನು ತಿರುಗಿಸಿ ಹೊನ್ನಾವರವನ್ನು ಮುಂದೆ ತಂದ. ಆಕಾಶವನ್ನು ಹೊಂದಿಸಿದ. ಕುರ್ಚಿ ಎಳೆದುಕೊಂಡು ಮಸೂರ ಕೈಗೆತ್ತಿಕೊಳ್ಳುವಷ್ಟರಲ್ಲಿ, ಹಬ್ಬಕ್ಕೆಂದು ಉಳಿದಿದ್ದ ವೆಂಕಟ ಬಾಗಿಲಲ್ಲಿ ಕೆಮ್ಮಿದ. ಅವನು ನೆಲ ನೋಡುತ್ತಿದ್ದ.

"ಅವ್ವಿ ಹೇಳಿ ಕಳಿಸಿತ್ತು ವಡೆಯಾ. ಹೊಸ ಜೋಡಿ. ಮೂರು ದಿನ ಕೋಣೆ ಬಾಗ್ಲ ಹಾಕಿ ಇಡ್ಬೇಕಂತೆ."

ಮಧುಸೂದನ ಮಸೂರ ಕೆಳಗಿಟ್ಟ. ಎದ್ದ. ಕಿಟಕಿಯ ಒಂದು ರೆಕ್ಕೆ ಗಾಳಿಗೆಂದು ತೆರೆದಿಟ್ಟು, ಕುರ್ಚಿ ಎತ್ತಿಕೊಂಡು ಹೊರಬಂದು, ತಾನೇ ಕೈಯಾರೆ ಬಾಗಿಲು ಎಳೆದುಕೊಂಡ. ಅದರ ಎದುರೇ ಕುರ್ಚಿ ಹಾಕಿ ಕೂತ.

ಸ್ವಲ್ಪ ಹೊತ್ತಿಗೆ ಮಾಲಿನಿ ಎಲೆ ಅಡಿಕೆ ತಟ್ಟೆ ಹಿಡಿದು ಬಂದಳು. ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿದಳು. ಒಳಗೆ ಹಿತ್ತಾಳೆಯ ಬಳೆಯೊಂದು ಗಾಳಿಗೆ ಮೆಲ್ಲನೆ ತಿರುಗಿದ ಸದ್ದಾಯಿತು. ಎರಡೂ ಬಳೆಗಳೇ ಇರಬಹುದು. ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿದರು.