ಅಕ್ಕನ ಹಲಸಿನ ಹಲಗೆಗಳು

ಗಾಡಿಗೆ ನಾಲ್ಕು ಲಕ್ಷ. ಟೈರು, ಟ್ಯೂಬಿಗೆ ಐವತ್ತೆರಡು ಸಾವಿರ. ಮುಂಬಯಿಯ ವ್ಯಾಪಾರಿಯೊಬ್ಬನ ಮೂಲಕ ಇಂಗ್ಲೆಂಡಿನಿಂದ ತರಿಸಿದ ಸಾಮಾನಿಗೆ ಎರಡು ಲಕ್ಷದ ಹತ್ತಿರ. ಪೇಂಟಿಗೆ ಅರವತ್ತೈದು ಸಾವಿರ. ಸೀಟು ಹೊಲಿದದ್ದು ನಂಜನಗೂಡಿನ ಆಟೋ ಸೀಟಿನವನು. ಅವನು ತಗೊಂಡದ್ದು ಹದಿನಾಲ್ಕು ಸಾವಿರ, ಮೇಲೆ ಒಂದು ಊಟ. ಯಾರಾದರೂ ಕೇಳಿದರೆ ಗುರುಪ್ರಸಾದ್ ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಮರದ ಮಾತು ಬಂದಾಗ ಮಾತ್ರ, "ಅದು ಮನೇಲೇ ಇತ್ತು" ಅಂದು ಬಾನೆಟ್ ಎತ್ತಿ ತೋರಿಸುತ್ತಿದ್ದ.

ಎರಡೇ ಸೀಟಿನ, ತಲೆ ಮೇಲೆ ತಗಡಿಲ್ಲದ, ಎಪ್ಪತ್ತು ವರ್ಷ ಹಿಂದಿನ, ಎಂ.ಜಿ. ಎಂಬ ಇಂಗ್ಲಿಷ್ ಕಾರು ಅದು. ಮೈಸೂರಿನ ಯಾವುದೋ ಬಂಗಲೆಯ ಹಿಂದೆ ಮಾವಿನ ಮರದ ಕೆಳಗೆ ಕೋಳಿ ಮೊಟ್ಟೆಯಿಡುವ ಜಾಗವಾಗಿತ್ತು. ನಂಜನಗೂಡಿನಲ್ಲಿ ಟ್ರಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ ಗುರುಪ್ರಸಾದ್ ಅದನ್ನು ಕಳಲೆಯ ತನ್ನ ಮನೆಗೆ ಲಾರಿಯಲ್ಲಿ ತಂದು, ಹಿತ್ತಲಿನ ಷೆಡ್ಡಿನಲ್ಲಿ ಇಳಿಸಿಕೊಂಡ. ಪಿಸ್ಟನ್‌ಗಳು ಕಚ್ಚಿಕೊಂಡಿದ್ದವು. ಡೀಸೆಲ್ ಸುರಿದು ಬಿಟ್ಟು, ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಹ್ಯಾಂಡಲ್ ಹಾಕಿ ಒಂದು ಸಲ ಅಲ್ಲಾಡಿಸಿ ನೋಡುತ್ತಿದ್ದ. ಅದು ಬೆರಳಷ್ಟು ತಿರುಗಿದ ದಿನ ಬೀದಿಗೆಲ್ಲ ಕಾಫಿ ಕೊಡಿಸಿದ. ಹೆಂಡತಿ ಪವಿತ್ರಾ, "ಮಗಳು ಹುಟ್ದಾಗ ಬರೀ ಪೆಪ್ಪರ್‌ಮೆಂಟು ಕೊಟ್ಟಿದ್ರಿ" ಅಂದಳು.

ಎಂಜಿನ್ ದಾರಿಗೆ ಬಂತು. ಮೈ ಬರಲಿಲ್ಲ. ಆ ಕಾಲದಲ್ಲಿ ಇಂಥ ಗಾಡಿಗಳಿಗೆ ಮರದ ಚೌಕಟ್ಟು ಕಟ್ಟಿ ಅದರ ಮೇಲೆ ತಗಡು ಹೊದಿಸುತ್ತಿದ್ದರು. ತಗಡು ಬಿಚ್ಚಿದರೆ ಒಳಗೆ ಗೆದ್ದಲಿನ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಬಡಗಿ ಗೋವಿಂದಯ್ಯ ಬಂದು ನೋಡಿದ.

"ಹಸಿ ಮರ ಹಾಕಿದ್ರೆ ತಿರುಚ್ಕತದೆ ಸಾ. ಬಾಗ್ಲು ಕೂರಾಕಿಲ್ಲ. ಚೆನ್ನಾಗಿ ಒಣಗಿರೋದು ಬೇಕು."

ಗುರುಪ್ರಸಾದ್ ತಲೆಯೆತ್ತಿ ಷೆಡ್ಡಿನ ಅಟ್ಟ ನೋಡಿದ. ಅಲ್ಲಿ ಹಲಸಿನ ಹಲಗೆಗಳಿದ್ದವು. ಅವು ಅಕ್ಕ ಶಿವನಂಜಮ್ಮನವು.

ಅಕ್ಕನನ್ನು ಸೋಸಲೆಗೆ ಕೊಟ್ಟಿತ್ತು. ಅವಳ ಗಂಡ ಚಿಕ್ಕಸ್ವಾಮಿ, ಹೊಸ ಮನೆಗೆ ಬಾಗಿಲಿಗಾಗಲಿ ಎಂದು ಹೊಲದ ಬದುವಿನ ಹಲಸಿನ ಮರ ಕಡಿಸಿ, ತಿರುಮಕೂಡಲಿನ ಮಿಲ್ಲಿನಲ್ಲಿ ಕುಯ್ಯಿಸಿ ಇಟ್ಟಿದ್ದ. ಪಾಯ ತೆಗೆಯುವ ಮುಂಚೆಯೇ ತೀರಿಹೋದ. ಹೊಳೆ ಏರಿ ಹಳೇ ಮನೆಯ ಗೋಡೆ ಬಿದ್ದ ವರ್ಷ ಅಕ್ಕ ಪಾತ್ರೆಪಗಡಗಳನ್ನು ಪಕ್ಕದ ಮನೆಗೆ ಸಾಗಿಸಿ, ಹಲಗೆಗಳನ್ನು ಮಾತ್ರ ಟ್ರಾಕ್ಟರಿನಲ್ಲಿ ಕಳಲೆಗೆ ಕಳಿಸಿದ್ದಳು. "ನಿನ್ ಅಟ್ಟದ ಮೇಲೆ ಇರ್ಲಿ ಗುರು. ಬಾಗ್ಲಿಗೆ ಬೇಕಾಯ್ತದೆ."

ಅಕ್ಕ ಇನ್ನೆಲ್ಲಿ ಮನೆ ಕಟ್ಟುತ್ತಾಳೆ ಅಂದುಕೊಂಡ ಗುರುಪ್ರಸಾದ್. ತವರಲ್ಲಿ ಇಟ್ಟದ್ದು ತವರಿನದೇ ಅಲ್ಲವೇ ಅಂತಲೂ ಅಂದುಕೊಂಡ. ಹೆಣ್ಣುಮಕ್ಕಳ ಪಾತ್ರೆ, ಪೆಟ್ಟಿಗೆ ಎಷ್ಟು ಮನೆಗಳ ಅಟ್ಟದಲ್ಲಿ ಹಾಗೇ ಉಳಿದು ಮನೆಯ ಸಾಮಾನೇ ಆಗಿಲ್ಲ?

"ಅತ್ತಿಗೇನ ಒಂದು ಮಾತು ಕೇಳಿ" ಅಂದಳು ಪವಿತ್ರಾ.

"ಕೇಳಾನ ಬಿಡು."

ಕೇಳಲಿಲ್ಲ. ಫೋನು ಜೇಬಿನಲ್ಲೇ ಇತ್ತು. ಗೋವಿಂದಯ್ಯ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಮುಖ ನೋಡಿದಾಗ, ಗುರುಪ್ರಸಾದ್ ಕುಯ್ಯಿ ಅಂತ ಕೈಸನ್ನೆ ಮಾಡಿದ. ಒಳಗೂ ಮರ ಮಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು.

ಆ ವರ್ಷದ ಆಯುಧಪೂಜೆಗೆ ಗಾಡಿ ಕೆಂಪಗೆ ಹೊಳೆಯುತ್ತ ಅಂಗಳಕ್ಕೆ ಬಂತು. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಬೂದುಗುಂಬಳ. ಅಕ್ಕ ಪ್ರತಿವರ್ಷದ ಹಾಗೆ ಹಿಂದಿನ ದಿನವೇ ಬಂದಿದ್ದಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಹಾಕಿ ನೋಡಿದಳು.

"ಅಲ್ಲ ಕಣೋ, ಇಷ್ಟು ದುಡ್ಡು ಸುರ್ದಿದ್ದೀಯ, ತಲೆ ಮ್ಯಾಲೆ ಏನೂ ಇಲ್ವಲ್ಲೋ. ನಮ್ ಎತ್ತಿನ ಗಾಡಿಗೆ ಕಮಾನಾದ್ರೂ ಇತ್ತು."

ಎಲ್ಲರೂ ನಕ್ಕರು. ಮರವೆಲ್ಲ ತಗಡು, ಚರ್ಮದ ಒಳಗೆ ಮುಚ್ಚಿಹೋಗಿತ್ತು. ಊಟಕ್ಕೆ ಕೂತಾಗ ಅಕ್ಕ ಹೋಳಿಗೆ ಮುರಿಯುತ್ತ ಹೇಳಿದಳು.

"ನಂಗೂ ಮನೆ ಮಂಜೂರಾಯ್ತು ಗುರು. ಪಾಯನೂ ಆಯ್ತು. ದೀಪಾವಳಿ ಕಳೀಲಿ, ಬಾಗ್ಲು ನಿಲ್ಲಿಸ್ಬುಡಾನ. ಆ ಹಲಗೆ ಇಳಿಸಿ ಚೌಕಟ್ಟು ಮಾಡ್ಸು. ಪೂಜೆಗೆ ನೀನೂ ಪವಿತ್ರಾನೂ ಕೂರ್ಬೇಕು. ನಾನಂತೂ ಮುಂದೆ ನಿಲ್ಲಂಗಿಲ್ಲ. ತವರಿಂದ ಇನ್ಯಾರವ್ರೆ ನಂಗೆ?"

ಪವಿತ್ರಾ ಗಂಡನ ಮುಖ ನೋಡಿದಳು. ಗುರುಪ್ರಸಾದ್, "ಆಯ್ತಕ್ಕ" ಅಂದ.

ಆಮೇಲೆ ಅವನು ಮೈಸೂರಿನ ಮರದ ಡಿಪೋಗೆ ಹೋಗಿ, ಇದ್ದುದರಲ್ಲಿ ಒಳ್ಳೆಯ ಹಲಸನ್ನು ಚೌಕಾಸಿ ಮಾಡದೆ ತಂದ. ಗೋವಿಂದಯ್ಯ ಚೌಕಟ್ಟು ಜೋಡಿಸಿದ.

"ಹೊಸ ಮರ ಸಾ. ಬಣ್ಣ ಎಳೇದು. ಅಕ್ಕಾವ್ರಿಗೆ ಗೊತ್ತಾಗಾಕಿಲ್ವಾ?"

"ಏನಾದ್ರೂ ಹಚ್ಚು."

"ಮರಕ್ಕೆ ಹಚ್ಬೋದು" ಅಂದ ಗೋವಿಂದಯ್ಯ, ಉಳಿಯನ್ನು ಒರೆಸುತ್ತ.

ಅವನು ಹಚ್ಚಲಿಲ್ಲ. ಗುರುಪ್ರಸಾದನೇ ಗಟ್ಟಿ ಡಿಕಾಕ್ಷನ್ ಕಾಸಿ, ಬಟ್ಟೆಯಲ್ಲಿ ಅದ್ದಿ, ಎರಡು ಸಲ ಬಳಿದು ಒಣಗಿಸಿದ. ಚೌಕಟ್ಟು ಕಂದಾಗಿ ಹಳೆಯ ಮರದ ಹಾಗೇ ಕಂಡಿತು. ಆ ದಿನಗಳಲ್ಲಿ ಅವನು ಗಾಡಿ ಹೊರಗೆ ತೆಗೆಯಲಿಲ್ಲ. ಬ್ಯಾಟರಿ ಇಳಿಯಬಾರದೆಂದು ಷೆಡ್ಡಿನಲ್ಲೇ ಎಂಜಿನ್ ಶುರು ಮಾಡಿ, ಸ್ವಲ್ಪ ಹೊತ್ತು ಕೂತು, ಇಳಿದು ಬಾಗಿಲು ಹಾಕುತ್ತಿದ್ದ. ಬಾಗಿಲು ಸದ್ದಿಲ್ಲದೆ ಬಿಗಿಯಾಗಿ ಕೂರುತ್ತಿತ್ತು. ಅಷ್ಟು ಚೆನ್ನಾಗಿ ಕೂರದಿದ್ದರೇ ವಾಸಿ ಅನ್ನಿಸುತ್ತಿತ್ತು ಅವನಿಗೆ.

ಬಾಗಿಲು ನಿಲ್ಲಿಸುವ ದಿನ ಚೌಕಟ್ಟು ಗೂಡ್ಸ್ ಆಟೋದಲ್ಲಿ ಸೋಸಲೆಗೆ ಬಂತು. ಪವಿತ್ರಾ ರೇಷ್ಮೆ ಸೀರೆ ಉಟ್ಟು ಪೂಜೆಯ ತಟ್ಟೆ ಹಿಡಿದಿದ್ದಳು. ಪೂಜೆ ಮಾಡಿಸುವ ಅಯ್ಯನವರು ಆಗಲೇ ಬಂದಿದ್ದರು. ಅಕ್ಕ ಪಕ್ಕದ ಮನೆಯ ಹೆಂಗಸರನ್ನು ಕರೆದು ತೋರಿಸಿದಳು.

"ನಮ್ ಎಜಮಾನ್ರು ಕಡ್ಸಿದ್ ಮರ ಕಣವ್ವ. ಈ ಮರದ ಹಣ್ಣು ನೀನೂ ತಿಂದಿದ್ದೀಯ."

ಹಾಗೆ ಹೇಳುತ್ತಲೇ ಸೆರಗಿನಲ್ಲಿ ಚೌಕಟ್ಟು ಒರೆಸಿದಳು. ಮುಂಜಾವಿನ ಇಬ್ಬನಿಗೆ ಮರ ಒದ್ದೆಯಾಗಿತ್ತು. ಸೆರಗಿಗೆ ಕಂದು ಬಣ್ಣ ಮೆತ್ತಿಕೊಂಡಿತು. ಅಕ್ಕ ಅದನ್ನು ನೋಡಿ, "ಅಟ್ಟದ್ ಧೂಳು. ಪಾಪ, ಇಷ್ಟ್ ದಿನ ಅಲ್ಲೇ ಮಲಗಿತ್ತಲ್ಲ" ಅಂದು, ಕಲೆ ಕಾಣದ ಹಾಗೆ ಸೆರಗು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

ಗುರುಪ್ರಸಾದ್ ಕಾಲು ತೊಳೆದು ಪೂಜೆಗೆ ಕೂರುವವನಿದ್ದ. ಕೂರಲಾಗಲಿಲ್ಲ.

"ಅಕ್ಕ, ಇಲ್ಲಿ ಬಾ" ಅಂದ. ಮರಳಿನ ಗುಡ್ಡೆಯ ಆಚೆಗೆ ಕರೆದುಕೊಂಡು ಹೋದ. "ಅದು ಧೂಳಲ್ಲ. ಕಾಫಿ ಡಿಕಾಕ್ಷನ್ನು. ನಾನೇ ಬಳಿದಿದ್ದು. ಇದು ಭಾವನ ಮರ ಅಲ್ಲ."

"ಅದು ಎಲ್ಲಿ ಅದೆ?"

"ಗಾಡಿ ಒಳಗದೆ."

ಅಕ್ಕ ಸೊಂಟದಿಂದ ಸೆರಗು ಬಿಡಿಸಿ ಕಲೆ ನೋಡಿದಳು. "ಬಿಚ್ಚಾಕಾಯ್ತದಾ?"

"ತುಂಡ್ ತುಂಡ್ ಮಾಡ್ಸಿದ್ದೀನಿ. ಯಾವ್ದೂ ಬಾಗ್ಲಿಗೆ ಸಾಲಾಕಿಲ್ಲ. ನಿನ್ನ ಕೇಳ್ಬೇಕಿತ್ತು ಅಕ್ಕ."

"ಕೇಳಿದ್ರೆ ಕೊಡ್ತಿದ್ದೆ ಅನ್ನಾಕಿಲ್ಲ ಗುರು. ಕೊಡ್ತಿರ್ನಿಲ್ಲ" ಅಂದಳು ಅಕ್ಕ. "ಅದು ನಿಂಗೂ ಗೊತ್ತಿತ್ತು. ಅದಕ್ಕೇ ಕೇಳ್ನಿಲ್ಲ."

ಅಯ್ಯನವರು ಅತ್ತ ಕಡೆಯಿಂದ ಕೂಗಿದರು. "ಹೊತ್ತಾಯ್ತದೆ ಕಣ್ರವ್ವ. ಯಾರು ಕೂರೋರು?"

ಗುರುಪ್ರಸಾದ್ ಒಂದು ಹೆಜ್ಜೆ ಇಟ್ಟ. "ನೀನು ಇಲ್ಲೇ ನಿಂತ್ಕೊ" ಅಂದಳು ಅಕ್ಕ. ಹೋಗಿ ಪವಿತ್ರಾಳ ಕೈಯಿಂದ ಪೂಜೆಯ ತಟ್ಟೆ ಇಸಕೊಂಡು, ಚೌಕಟ್ಟಿನ ಮುಂದೆ ತಾನೇ ಕೂತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಶಿವನಂಜಮ್ಮ, ತಮ್ಮ ಬಂದವ್ರಲ್ಲ, ನೀನ್ಯಾಕೆ?" ಅಂದಿತು ಒಂದು ಮುದುಕಿ.

"ಮನೆ ನಂದು ಕಣಜ್ಜಿ. ನಾನೇ ಕೂರ್ತೀನಿ. ಅಯ್ಯನೋರೆ, ಶುರು ಮಾಡಿ."

ಅಯ್ಯನವರು ಒಂದು ಗಳಿಗೆ ತಡೆದು, ಆಮೇಲೆ ವಿಭೂತಿಯ ಬಟ್ಟಲನ್ನು ಅವಳ ಕಡೆ ಸರಿಸಿದರು. ಅಕ್ಕ ನವಧಾನ್ಯದ ಗಂಟು ಕಟ್ಟಿದಳು, ಕಾಯಿ ಒಡೆದಳು. ಚೌಕಟ್ಟು ಎತ್ತಿ ನಿಲ್ಲಿಸುವಾಗ ಒಂದು ಆಳು ಕಡಿಮೆ ಬಿತ್ತು. ಗುರುಪ್ರಸಾದ್ ಒಂದು ಮೂಲೆ ಹಿಡಿದ. ಅಕ್ಕ ಬೇಡ ಅನ್ನಲಿಲ್ಲ. ಊಟಕ್ಕೂ ಬಡಿಸಿದಳು, ಪಾಯಸ ಎರಡನೇ ಸಲ ಹಾಕಿದಳು. ತಮ್ಮ ಅಂತ ಮಾತ್ರ ಕರೆಯಲಿಲ್ಲ, ಗುರು ಅಂತಲೂ ಕರೆಯಲಿಲ್ಲ.

ಅದಾದ ಮೇಲೆ ಇನ್ನೊಂದು ಆಯುಧಪೂಜೆ ಬಂತು. ಕರೆಯಲು ಗುರುಪ್ರಸಾದ್ ತಾನೇ ಸೋಸಲೆಗೆ ಹೋದ, ಬಸ್ಸಿನಲ್ಲಿ. ಅಕ್ಕ ಹೊಸ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಳು. ಕಾಫಿ ಕೊಟ್ಟಳು. "ಮೊನ್ನೆ ಹಸ ಕರು ಹಾಕ್ತು, ಬಿಟ್ಟು ಬರಾಕಾಗಲ್ಲ" ಅಂದಳು. ಕೊಟ್ಟಿಗೆಯಲ್ಲಿ ಹಸು ಇತ್ತು, ಕರು ಇರಲಿಲ್ಲ.

ಗಾಡಿ ಚೆನ್ನಾಗಿದೆ. ಎಂಜಿನ್ ಎಣ್ಣೆ ಕುಡಿಯುವುದಿಲ್ಲ, ಮೈ ಕಿರುಗುಟ್ಟುವುದಿಲ್ಲ, ನೋಡಿದವರು ಫೋಟೋ ತೆಗೆದುಕೊಳ್ಳುತ್ತಾರೆ. ಅಕ್ಕನ ಮನೆಗೂ ಬಾಗಿಲಾಯಿತು. ಹಬ್ಬಕ್ಕೆ ಹಿಂದಿನ ದಿನವೇ ಕಳಲೆಗೆ ಬರುತ್ತಿದ್ದ ಅಕ್ಕ, ಈಗ ಬರುವುದಿಲ್ಲ.